ಮೈಕಿನ ಬೆನ್ನು

ಬೆಳಿಗ್ಗೆ ಹತ್ತೂಕಾಲಿಗೆ ಹೆಡ್‌ಫೋನಿನಲ್ಲಿ ಅವನಿಗೆ ತನ್ನದೇ ದನಿ ಕೇಳಿಸಿತು, ಕೇಳಿಸಬಾರದಷ್ಟು ಚೆನ್ನಾಗಿ. ಗಾಜಿನ ಆಚೆ, ಬೂತಿನೊಳಗೆ, ಇವತ್ತೇ ಕೆಲಸಕ್ಕೆ ಬಂದಿದ್ದ ಮೇಷ್ಟ್ರು ಮೊದಲ ಪುಟ ಓದಿ ಮುಗಿಸಿ, ಬಾಯೊಳಗಿನ ಪೆಪ್ಪರಮೆಂಟನ್ನು ಒಂದು ಕೆನ್ನೆಯಿಂದ ಇನ್ನೊಂದು ಕೆನ್ನೆಗೆ ಸಾಗಿಸುತ್ತ, ಭೇಷ್ ಅನ್ನಿಸಿಕೊಳ್ಳಲು ಕಾದು ಕೂತಿದ್ದರು. ಈಚೆ ಅವನು ಆ ಪುಟವನ್ನೇ ಮತ್ತೆ ಹಾಕಿ ಕೇಳುತ್ತಿದ್ದ. ಓದು ಶುರುವಾಗುವ ಮೊದಲು ಬಾಗಿಲ ಹತ್ತಿರ ನಿಂತು ತಾನು ಹೇಳಿದ ‘ಶುರು ಮಾಡಿ ಸರ್’ ಎಂಬ ಮೂರು ಮಾತು ದುಂಡುದುಂಡಗೆ, ಕಿವಿಯ ಪಕ್ಕದಲ್ಲೇ ಹೇಳಿದಂತೆ ಬಂದಿತ್ತು. ಮೈಕಿಗೆ ಗೇಣು ದೂರದಲ್ಲಿ ಬಾಯಿಟ್ಟು ಓದಿದ ಮೇಷ್ಟ್ರು ಮಾತ್ರ ಪಕ್ಕದ ಮನೆಯ ರೇಡಿಯೋ ಆಗಿಬಿಟ್ಟಿದ್ದರು. ಮೇಷ್ಟ್ರದು ಕಂಚಿನ ಕಂಠ. ಕಳೆದ ವಾರ ಸಂದರ್ಶನಕ್ಕೆ ಬಂದಾಗ ಆಫೀಸಿನ ಕಿಟಕಿಯ ಗಾಜು ಗುಂಯ್‌ಗುಟ್ಟಿದ್ದನ್ನು ಎಲ್ಲರೂ ಕಂಡಿದ್ದರು. ಆದರೂ ಅವನ ಮನಸ್ಸಿಗೆ ಮೊದಲು ಬಂದದ್ದು, ಓಹೋ, ಇವರದೂ ಬರೀ ಮೇಲಿನ ಸದ್ದು, ಒಳಗೆ ತಿರುಳಿಲ್ಲ, ಎಂಬ ಮಾತೇ. ಆ ಮಾತು ಮನಸ್ಸಿನಲ್ಲಿ ಸಲೀಸಾಗಿ ಬಂದ ರೀತಿಗೆ ಅವನ ಕೈ ದನಿ ಏರಿಸಿ ಇಳಿಸುವ ನಾಬಿನ ಮೇಲೆ ನಿಂತಿತು. ಇದೇ ಮಾತನ್ನು, ಇದೇ ಕುರ್ಚಿಯಲ್ಲಿ ಕೂತು, ತಿಂಗಳ ಹಿಂದೆ, ಆ ಬೂತಿನಲ್ಲಿ ವರ್ಷಗಟ್ಟಲೆ ಓದಿದ, ತಾನು ಅಕ್ಕ ಎಂದು ಕರೆಯುವ ಹೆಂಗಸಿನ ಬಗ್ಗೆ ಅಂದುಕೊಂಡಿದ್ದ.

ಕಣ್ಣು ಕಾಣದ ವಿದ್ಯಾರ್ಥಿಗಳಿಗಾಗಿ ಪುಸ್ತಕಗಳನ್ನು ಓದಿಸಿ, ರೆಕಾರ್ಡು ಮಾಡಿ ಕಳಿಸುವ ಸಂಸ್ಥೆ ಅದು. ಅವನು ಇಪ್ಪತ್ತಾರು ವರ್ಷದಿಂದ ಗಾಜಿನ ಈಚೆ ಕೂತವನು. ಕಿವಿರಾಯ ಎಂಬುದು ಅಲ್ಲಿಯವರು ಪ್ರೀತಿಯಿಂದ ಇಟ್ಟ ಹೆಸರು. ಓದುವವರ ಹೊಟ್ಟೆ ಗುರ್ ಅಂದರೂ, ಕುರ್ಚಿಯ ಮೊಳೆ ಸಡಿಲವಾದರೂ, ಮೂರನೆಯ ಮನೆಯಲ್ಲಿ ನಲ್ಲಿ ಬಿಟ್ಟರೂ ಅವನು ಕೈಯೆತ್ತಿ ಓದು ನಿಲ್ಲಿಸುತ್ತಿದ್ದ. ಊರಿಗೆಲ್ಲ ಕಿವಿ, ಮನೆಗೆ ಮಾತ್ರ ಕಿವುಡು ಎಂದು ಹೆಂಡತಿ ಬಂದವರ ಮುಂದೆ ಹೇಳಿ ನಗುತ್ತಿದ್ದಳು. ಅವನಿಗೆ ಅದರಲ್ಲಿ ಹೊಗಳಿಕೆಯ ಭಾಗ ಮಾತ್ರ ಕೇಳಿಸುತ್ತಿತ್ತು. ಈಗ ಅವನು ಎದ್ದು ಬೂತಿನೊಳಗೆ ಹೋದ. ಮೇಷ್ಟ್ರು ಹೇಗಿತ್ತು ಎಂದು ಹುಬ್ಬಿನಲ್ಲೇ ಕೇಳಿದರು. ಒಂದು ನಿಮಿಷ ಸರ್ ಎಂದು ಅವನು ಮೈಕನ್ನು ನೋಡಿದ. ಎಲ್ಲ ಸರಿಯಾಗಿಯೇ ಇತ್ತು. ಸ್ಟ್ಯಾಂಡಿನ ಕೊಕ್ಕೆಯಲ್ಲಿ ತೂಗಿದ ದುಂಡನೆಯ ಮೈಕು, ಉಗುಳು ಸಿಡಿಯದಂತೆ ಅಡ್ಡ ಕಟ್ಟಿದ ಬಟ್ಟೆಯ ಬಳೆ, ಜಾಲರಿಯ ಪಟ್ಟಿಯ ಮೇಲೆ ಮೇಷ್ಟ್ರ ಬಾಯಿಗೆ ನೇರವಾಗಿ ಕೆಂಪು ಚುಕ್ಕಿ. ಈ ಜಾತಿಯ ಮೈಕಿಗೆ ಮನುಷ್ಯರ ಹಾಗೆ ಒಂದು ಮುಖ, ಒಂದು ಬೆನ್ನು. ಮುಖದ ಕಡೆಯಿಂದ ಬಂದದ್ದನ್ನು ಉಸಿರು ಸಮೇತ ಹಿಡಿದುಕೊಳ್ಳುತ್ತದೆ, ಬೆನ್ನ ಕಡೆಯಿಂದ ಬಂದದ್ದಕ್ಕೆ ಕಿವಿಗೊಡುವುದೇ ಇಲ್ಲ. ನೋಡಿದರೆ ಎರಡೂ ಕಡೆ ಒಂದೇ ಥರ ಜಾಲರಿ. ಯಾವುದು ಮುಖ ಎಂದು ಹೇಳುವುದು ಆ ಕೆಂಪು ಚುಕ್ಕಿ ಮಾತ್ರ. ಚುಕ್ಕಿ ಇರುವುದು ಜಾಲರಿಯ ಮೇಲೆ. ಜಾಲರಿ ನಿಂತಿರುವುದು ಎದುರುಬದುರಾದ ಎರಡು ಸಣ್ಣ ಸ್ಕ್ರೂಗಳ ಮೇಲೆ. ಹೀಗೆ ಕೂರಿಸಿದರೂ ಕೂರುತ್ತದೆ, ಅರ್ಧ ಸುತ್ತು ತಿರುಗಿಸಿ ಕೂರಿಸಿದರೂ ಕೂರುತ್ತದೆ. ಇಷ್ಟು ಹೊಳೆದದ್ದೇ ಅವನು ಆ ಸ್ಕ್ರೂಗಳನ್ನು ಉಗುರಿನಿಂದ ಮುಟ್ಟಿ ನೋಡಿದ.

ಅಕ್ಕ ಎದೆಯಲ್ಲಿ ಕಫ ಕಟ್ಟಿ ಆಸ್ಪತ್ರೆ ಸೇರಿ, ಆಮೇಲೆ ಮನೆಯಲ್ಲಿ ಮಲಗಿ, ಎರಡು ತಿಂಗಳು ಬಂದಿರಲಿಲ್ಲ. ಅವಳು ಓದಲು ಬಂದ ಇಪ್ಪತ್ತೆರಡು ವರ್ಷದಲ್ಲಿ ಬೂತು ಅಷ್ಟು ದಿನ ಖಾಲಿ ಬಿದ್ದದ್ದು ಅದೇ ಮೊದಲು. ಖಾಲಿ ಕೂರುವುದು ಅವನ ಜಾಯಮಾನವಲ್ಲ. ಒಂದು ಮಧ್ಯಾಹ್ನ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಮೈಕನ್ನು ಬಿಚ್ಚಿದ. ವರ್ಷಗಳ ಉಸಿರಿನಿಂದ ಜಾಲರಿಗೆ ಒಂದು ಹುಳಿವಾಸನೆ ಹಿಡಿದಿತ್ತು. ಒಳಗಿನ ಬಿಲ್ಲೆಯ ಮೇಲೆ ಉಸಿರೂ ಬೀಳದಂತೆ ಸ್ವಚ್ಛವಾದ ಡಬ್ಬಿ ಮುಚ್ಚಿಟ್ಟು, ಜಾಲರಿಯನ್ನಷ್ಟೇ ಉಗುರುಬೆಚ್ಚಗಿನ ಸಾಬೂನು ನೀರಿನಲ್ಲಿ ಮಕ್ಕಳ ಹಲ್ಲುಬ್ರಷ್ಷಿನಿಂದ ಉಜ್ಜಿ, ಒಂದು ದಿನ ನೆರಳಲ್ಲಿ ಒಣಗಿಸಿ, ಪೆಟ್ಟಿಗೆಯೊಳಗಿನ ತೇವ ಹೀರುವ ಪೊಟ್ಟಣವನ್ನೂ ಬದಲಾಯಿಸಿ, ಮತ್ತೆ ಕೂರಿಸಿದ್ದ. ಕೂರಿಸುವಾಗ ಒಂದು ಸ್ಕ್ರೂ ಜಾರಿ ನೆಲಕ್ಕೆ ಬಿದ್ದು, ಅದನ್ನು ಹುಡುಕಲು ಮೊಣಕಾಲೂರಿ ಕಾಲು ಗಂಟೆ ಕಳೆದದ್ದು ನೆನಪಿದೆ. ಸಿಕ್ಕಿದ ಖುಷಿಯಲ್ಲಿ ತಿರುಪಿ ಬಿಗಿ ಮಾಡಿದ್ದೂ ನೆನಪಿದೆ. ಚುಕ್ಕಿ ಯಾವ ಕಡೆ ಇತ್ತು ಎಂಬುದು ಮಾತ್ರ ನೆನಪಿಲ್ಲ. ಹೊಸದರ ಹಾಗೆ ಮಾಡಿದ್ದೀನಿ ಎಂದು ಆಫೀಸಿನಲ್ಲಿ ಎಲ್ಲರಿಗೂ ತೋರಿಸಿಕೊಂಡು ಬಂದಿದ್ದ. ಆದರೂ ಬಾಯಲ್ಲಿ ಒಂದು ಮಾತು ಆಡಿ ಪರೀಕ್ಷೆ ಮಾಡಿರಲಿಲ್ಲ. ಅಡಿಗೆ ಮಾಡಿದವನು ಉಪ್ಪು ನೋಡದೆ ಬಡಿಸಿದ ಹಾಗಾಯಿತು ಎಂದು ಈಗ ಅವನಿಗೆ ಅನ್ನಿಸುತ್ತಿತ್ತು. ಮೇಷ್ಟ್ರು ಮೈಕಿಗೆ ಫೂ ಫೂ ಎಂದು ಊದಿದರು. ಬೇರೆ ದಿನವಾಗಿದ್ದರೆ ಊದಿದವರ ಜನ್ಮ ಜಾಲಾಡಿಬಿಡುತ್ತಿದ್ದ. ಇವತ್ತು ಕೊಕ್ಕೆ ಸಡಿಲಿಸಿ, ಮೈಕನ್ನು ಅರ್ಧ ಸುತ್ತು ತಿರುಗಿಸಿದ. ಕೆಂಪು ಚುಕ್ಕಿ ಬಾಗಿಲ ಕಡೆಗೆ ಹೋಯಿತು.

ಎರಡನೆಯ ಸಲ ಮೇಷ್ಟ್ರು ಬಾಯಿ ತೆರೆದಾಗ ಹೆಡ್‌ಫೋನು ತುಂಬಿಹೋಯಿತು. ಪೆಪ್ಪರಮೆಂಟು ಹಲ್ಲಿಗೆ ತಗುಲಿದ್ದೂ ಕೇಳಿಸಿತು. ದನಿ ಅಳೆಯುವ ಮೀಟರಿನ ಮುಳ್ಳು ಕೆಂಪಿಗೆ ಹಾರಿದ್ದರಿಂದ ಅವನು ಗಾಬರಿಯಲ್ಲಿ ನಾಬನ್ನು ಇಳಿಸಬೇಕಾಯಿತು. ಆ ನಾಬು ಅಷ್ಟು ಮೇಲೆ ಹೋದದ್ದು ಅಕ್ಕ ಕಾಯಿಲೆಯಿಂದ ಎದ್ದುಬಂದು ಓದಿದ ಎಂಟು ದಿನಗಳಲ್ಲಿ. ದಿನಕ್ಕೆ ಒಂದೊಂದು ಗೆರೆಯಷ್ಟು ಅವನೇ ಏರಿಸಿದ್ದ. ಅದೇ ಹೊತ್ತಿಗೆ ಮ್ಯಾನೇಜರು ಬಾಗಿಲು ತಳ್ಳಿಕೊಂಡು ಬಂದರು, ಹೊಸಬರ ಓದು ಹೇಗಿದೆ ನೋಡಲು. ಸ್ಪೀಕರಿಗೆ ಹಾಕಿ ಎಂದರು. ಅವನು ಹಾಕಿದ. ಕೋಣೆಯೆಲ್ಲ ಕಂಚು. ಮ್ಯಾನೇಜರು ಕಣ್ಣು ಮುಚ್ಚಿ ತಲೆದೂಗಿ, ಕಂಠ ಅಂದರೆ ಇದು ಕಣ್ರೀ, ಪಾಪ ಆ ಯಮ್ಮ ಎರಡು ವರ್ಷದ ಹಿಂದೆಯೇ ನಿಲ್ಲಿಸಬೇಕಿತ್ತು, ನಾವೇ ದಾಕ್ಷಿಣ್ಯಕ್ಕೆ ಸಿಕ್ಕಿ ಎಳೆದೆವು ಎಂದರು. ಹೇಳಿ ನಕ್ಕರು. ಅವನೂ ನಕ್ಕ. ಆ ನಗು ಬಾಯಿಂದ ಹೊರಬಿದ್ದದ್ದು, ಗಾಜಿಗೆ ತಗುಲಿ ವಾಪಸು ಬಂದದ್ದು, ಎರಡೂ ಅವನಿಗೆ ಕೇಳಿಸಿದವು. ಹೇಳಲು ಅದೇ ಹೊತ್ತು. ಸರ್, ಒಂದು ಮಾತು, ಎಂದು ಶುರು ಮಾಡಿದರೆ ಮುಗಿಯುತ್ತಿತ್ತು. ಆದರೆ ಮ್ಯಾನೇಜರು ಅವನ ಬೆನ್ನು ತಟ್ಟಿ, ನೀವು ಮೈಕನ್ನ ಅಷ್ಟು ಚೆನ್ನಾಗಿ ಕ್ಲೀನ್ ಮಾಡಿದ್ದಕ್ಕೂ ಸಾರ್ಥಕ ಆಯಿತು ನೋಡಿ ಎಂದು ಹೊರಟೇಹೋದರು. ಬೆನ್ನು ಸುಟ್ಟ ಹಾಗಾಯಿತು.

ಮೇಷ್ಟ್ರ ಓದು ಹನ್ನೆರಡಕ್ಕೆ ಮುಗಿಯಿತು. ಎಲ್ಲರೂ ಊಟಕ್ಕೆ ಹೋದ ಮೇಲೆ ಅವನು ಡಬ್ಬಿ ಬಿಚ್ಚದೆ, ಅಕ್ಕನ ಆ ಎಂಟು ದಿನಗಳ ರೆಕಾರ್ಡುಗಳನ್ನು ಹಾಕಿಕೊಂಡ. ನದಿಗಳ ಚರಿತ್ರೆ ಎಂಬ ದಪ್ಪ ಪುಸ್ತಕ. ಬರೆದ ಪ್ರೊಫೆಸರರಿಗೆ ಪೂರ್ಣವಿರಾಮ ಕಂಡರೆ ಆಗದು, ಒಂದು ವಾಕ್ಯ ಹಿಡಿದರೆ ನದಿ ಸಮುದ್ರ ಸೇರುವ ತನಕ ಬಿಡುತ್ತಿರಲಿಲ್ಲ ಎಂದು ಅಕ್ಕ ನಗಾಡುತ್ತಿದ್ದಳು. ಕಾಯಿಲೆಗೆ ಮೊದಲು ನೂರಾ ನಲವತ್ತು ಪುಟ ಓದಿದ್ದಳು. ಬಂದ ಮೇಲೆ ಇನ್ನೂರ ಹದಿನಾಲ್ಕರ ತನಕ ಓದಿ ನಿಂತಿತ್ತು. ಮೊದಲ ದಿನದ್ದು ಕೇಳಿದ. ದೂರದ, ತೆಳ್ಳನೆಯ, ಗೋಡೆಗೆ ಬಡಿದು ಬಂದ ದನಿ. ಅದರ ಮಧ್ಯೆ ಇದ್ದಕ್ಕಿದ್ದಂತೆ, ಬಾಗಿಲು ತೆರೆದ ಸದ್ದಿನ ಹಿಂದೆಯೇ, ಅವನ ದನಿ: ಸ್ವಲ್ಪ ಹತ್ತಿರ ಬನ್ನಿ ಅಕ್ಕ. ಎರಡನೆಯ ದಿನ: ಹೊಟ್ಟೆಯಿಂದ ತೆಗೀರಿ ಅಕ್ಕ, ಗಂಟಲಿಂದ ಬೇಡ. ನಾಲ್ಕನೆಯ ದಿನ: ಬಿಸಿನೀರು ಕುಡಿದು ನೋಡಿ. ಆರನೆಯ ದಿನ ಅಕ್ಕ ಕೇಳಿದ್ದಳು, ಈಗ ಬಂತಾ? ಇಲ್ಲ ಅಕ್ಕ, ಇನ್ನೂ ಕೂತಿಲ್ಲ. ಅವನ ಮಾತುಗಳೆಲ್ಲ ದುಂಡಗೆ, ಬೆಚ್ಚಗೆ, ಗಂಭೀರವಾಗಿ ಬಂದಿದ್ದವು, ಯಾಕೆಂದರೆ ಬಾಗಿಲಿದ್ದದ್ದು ಮೈಕಿನ ನಿಜವಾದ ಮುಖದ ಕಡೆಗೆ. ಆಗ ಅದನ್ನು ಕೇಳಿ ತಾನು ಏನೆಂದುಕೊಂಡೆ ಎಂಬುದು ನೆನಪಾಗಿ ಅವನು ಕುರ್ಚಿಯಲ್ಲಿ ಮುದುಡಿದ. ಪರವಾಗಿಲ್ವೇ, ನನ್ನ ದನಿಯೂ ಚೆನ್ನಾಗಿಯೇ ಇದೆ, ಅವಕಾಶ ಸಿಕ್ಕಿದ್ದರೆ ನಾನೂ ಓದಬಹುದಿತ್ತು, ಎಂದು ಒಳಗೊಳಗೇ ಬೀಗಿದ್ದ. ಒಂದು ಸಾಯಂಕಾಲ ಎಲ್ಲರೂ ಹೋದ ಮೇಲೆ ಆ ತುಣುಕನ್ನು ಇನ್ನೊಮ್ಮೆ ಹಾಕಿ ಕೇಳಿಯೂ ಇದ್ದ. ಬಾಗಿಲ ಬಳಿ ನಿಂತವನ ದನಿ ಬಾಯಿಟ್ಟು ಓದುವವಳ ದನಿಗಿಂತ ಯಾಕೆ ಚೆನ್ನಾಗಿದೆ ಎಂದು ಕೇಳಿಕೊಳ್ಳಲು ಕಿವಿರಾಯನೇ ಬೇಕಿರಲಿಲ್ಲ. ಸಂತೆಯಲ್ಲಿ ಕಡ್ಲೆ ಮಾರುವವನೂ ಕೇಳುತ್ತಿದ್ದ.

ಒಂಬತ್ತನೆಯ ದಿನ ಮ್ಯಾನೇಜರು, ನೀವಾದರೆ ಅವರಿಗೆ ಹತ್ತಿರದವರು, ಇನ್ನು ಓದು ಬೇಡ ಅಂತ ನೀವೇ ಹೇಳಿ ಎಂದು ಜಾರಿಕೊಂಡಿದ್ದರು. ಅವನು ಓಣಿಯಂಥ ಮೊಗಸಾಲೆಯಲ್ಲಿ, ಕುಡಿಯುವ ನೀರಿನ ಡ್ರಮ್ಮಿನ ಪಕ್ಕ, ಅಕ್ಕನನ್ನು ನಿಲ್ಲಿಸಿಕೊಂಡು ಹೇಳಿದ್ದ. ವಿಶ್ರಾಂತಿ ಎಂಬ ಪದ ಬಳಸಿದ. ಸ್ವಲ್ಪ ದಿನ ಎಂದೂ ಸೇರಿಸಿದ. ಅಕ್ಕ ಲೋಟದಲ್ಲಿ ಹಿಡಿದ ನೀರನ್ನು ಪೂರ್ತಿ ಕುಡಿದು, ಲೋಟ ಬೋರಲಿಟ್ಟು, ‘ನಿನ್ನ ಕಿವಿ ಹೇಳಿದ ಮೇಲೆ ಮುಗೀತು ಬಿಡು. ಬೇರೆಯವರು ಹೇಳಿದ್ರೆ ಜಗಳ ಆಡ್ತಿದ್ದೆ’ ಎಂದಿದ್ದಳು. ಆಮೇಲೆ ಬೀಳ್ಕೊಡುಗೆ ಎಂದು ಒಂದು ಸಣ್ಣ ಸಭೆ, ಒಂದು ಗೋಡೆ ಗಡಿಯಾರ, ಮ್ಯಾನೇಜರ ಮುಕ್ಕಾಲು ಗಂಟೆ ಭಾಷಣ. ಎರಡು ಮಾತಾಡಿ ಎಂದು ಎಲ್ಲರೂ ಒತ್ತಾಯ ಮಾಡಿದಾಗ ಅಕ್ಕ ತಲೆಯಾಡಿಸಿ ಕೂತೇಬಿಟ್ಟಳು. ದುಃಖಕ್ಕೆ ಮಾತು ಹೊರಡಲಿಲ್ಲ ಎಂದು ಜನ ತಿಳಿದರು. ಅವನಿಗೆ ಆಗಲೇ ಗೊತ್ತಿತ್ತು, ಅದು ದುಃಖವಲ್ಲ, ನಾಚಿಕೆ. ಹಾಳಾದ ವಸ್ತುವನ್ನು ನಾಲ್ಕು ಜನರ ಮುಂದೆ ತೆಗೆಯಲು ಅವಳಿಗೆ ನಾಚಿಕೆ. ಗೊತ್ತಿದ್ದೂ ಅವನು ಎಲ್ಲರ ಜೊತೆ ಚಪ್ಪಾಳೆ ತಟ್ಟಿದ್ದ.

ಮೂರು ಗಂಟೆಗೆ ಮ್ಯಾನೇಜರ ಕೋಣೆಯ ಮುಂದೆ ಎರಡು ಸಲ ಹೋಗಿ ಎರಡು ಸಲ ತಿರುಗಿದ. ಮೊದಲ ಸಲ ಒಳಗೆ ಯಾರೋ ಇದ್ದರು. ಎರಡನೆಯ ಸಲ ಮ್ಯಾನೇಜರು ಒಬ್ಬರೇ ಇದ್ದರು, ಅದಕ್ಕೇ ತಿರುಗಿದ. ಹೇಳಿದರೆ ಏನಾಗುತ್ತದೆ? ಕೆಲಸ ಹೋಗಲಿಕ್ಕಿಲ್ಲ. ನಗುತ್ತಾರೆ. ಕಿವಿರಾಯ ಎಂಬ ಹೆಸರನ್ನು ಇನ್ನು ಮುಂದೆ ಬೇರೆ ರಾಗದಲ್ಲಿ ಕರೆಯುತ್ತಾರೆ. ಮೈಕಿನ ಮುಖ ಯಾವುದು, ಅಂಡು ಯಾವುದು ಗೊತ್ತಾಗದವನು ಎಂದು ಚಹಾದ ಹೊತ್ತಿಗೊಂದು ತಮಾಷೆ ಹುಟ್ಟುತ್ತದೆ. ಹೇಳದಿದ್ದರೆ? ಏನೂ ಆಗುವುದಿಲ್ಲ. ನಾಳೆ ಜಾಲರಿ ಬಿಚ್ಚಿ ಸರಿಯಾಗಿ ಕೂರಿಸಿದರೆ ಚುಕ್ಕಿ ತನ್ನ ಜಾಗಕ್ಕೆ ಬರುತ್ತದೆ, ಸಾಕ್ಷಿ ಅಳಿಸಿಹೋಗುತ್ತದೆ. ಅಕ್ಕನಿಗೆ ಅರವತ್ತೊಂದು, ಹೇಗೂ ಇವತ್ತಲ್ಲ ನಾಳೆ ಬಿಡಬೇಕಾದವಳೇ. ಈ ಕೊನೆಯ ಮಾತು ಮನಸ್ಸಿನಲ್ಲಿ ಮೂಡಿದ ಕೂಡಲೇ ಅವನಿಗೆ ತನ್ನ ಮೇಲೆ ಎಂಥ ಹೇಸಿಗೆಯಾಯಿತೆಂದರೆ, ಮನೆಯಲ್ಲಿ ಸ್ವಲ್ಪ ಕೆಲಸ ಎಂದು ಚೀಟಿ ಬರೆದು ಗುಮಾಸ್ತರ ಮೇಜಿನ ಮೇಲಿಟ್ಟು ಬೀದಿಗಿಳಿದ.

ಬೀದಿಯಲ್ಲಿ ಯಾರೋ ಕಬ್ಬಿಣದ ಸರಳು ಇಳಿಸುತ್ತಿದ್ದರು. ಶಾಲೆ ಬಿಟ್ಟ ಮಕ್ಕಳು, ಬಸ್ಸಿನ ಬ್ರೇಕು, ಮೊದಲನೆಯ ಮಹಡಿಯಿಂದ ಯಾರನ್ನೋ ಕೂಗುತ್ತಿದ್ದ ಹೆಂಗಸು. ಅವನ ಅಭ್ಯಾಸವೆಂದರೆ ಇವುಗಳನ್ನೆಲ್ಲ ತೆಗೆದುಹಾಕಬೇಕಾದ ಕಸ ಎಂದು ಎಣಿಸುವುದು. ಇವತ್ತು ಯಾವುದನ್ನೂ ತೆಗೆಯಲಾಗದೆ ಎಲ್ಲವೂ ಒಟ್ಟಿಗೇ ನುಗ್ಗುತ್ತಿದ್ದವು. ಏನು ಹೇಳಬೇಕು ಎಂದು ದಾರಿಯುದ್ದಕ್ಕೂ ಜೋಡಿಸಿಕೊಂಡ. ಅಕ್ಕ, ಮೈಕಿನಲ್ಲಿ ಒಂದು ಸಣ್ಣ ದೋಷ ಇತ್ತು. ಸಣ್ಣ ಯಾಕೆ? ಅಕ್ಕ, ಕ್ಲೀನ್ ಮಾಡುವಾಗ ಏನೋ ಆಗಿಹೋಯಿತು. ಏನೋ ಯಾಕೆ? ಹಣ್ಣಿನ ಅಂಗಡಿಯಲ್ಲಿ ನಿಂತು ಆರು ಸೇಬು ಕಟ್ಟಿಸಿಕೊಂಡ. ಹತ್ತು ಹೆಜ್ಜೆ ಹೋದ ಮೇಲೆ, ಹಣ್ಣು ಹಿಡಿದುಕೊಂಡು ಹೋಗುವುದು ರೋಗಿಯನ್ನು ನೋಡಲು, ಅಕ್ಕ ರೋಗಿಯಲ್ಲ ಎಂಬುದನ್ನೇ ತಾನು ಹೇಳಲು ಹೋಗುತ್ತಿರುವುದು ಎಂದು ಹೊಳೆದು ನಾಚಿಕೆಯಾಯಿತು. ವಾಪಸು ಕೊಡಲೂ ಆಗದೆ, ಬಿಸಾಡಲೂ ಆಗದೆ, ಆ ಕಾಗದದ ಚೀಲವನ್ನು ಎದೆಗೊತ್ತಿಕೊಂಡೇ ಅಕ್ಕನ ಮನೆಯ ಎರಡು ಮಹಡಿ ಹತ್ತಿದ.

ಬಾಗಿಲು ತೆರೆದವರು ಅಕ್ಕನ ಗಂಡ. ಅವನು ಭಾವ ಎಂದು ಕರೆಯುತ್ತಿದ್ದ. ರೈಲ್ವೆಯಲ್ಲಿ ಟಿಕೆಟು ಕೊಡುತ್ತಿದ್ದು ನಿವೃತ್ತರಾದ, ತಮಾಷೆಯ ಮನುಷ್ಯ. ಬಾ ಬಾ ಎಂದು ಒಳಗೆ ಕರೆದು, ದನಿ ತಗ್ಗಿಸಿ, ಈ ಮನೆಯಲ್ಲಿ ಈಗ ಎಲ್ಲ ಚೀಟಿ ವ್ಯವಹಾರ ಕಣಯ್ಯ ಎಂದರು. ಜೇಬಿನಿಂದ ನಾಲ್ಕೈದು ಚೀಟಿ ತೆಗೆದು ತೋರಿಸಿದರು. ಹಾಲು ತನ್ನಿ. ಫ್ಯಾನು ಕಮ್ಮಿ ಮಾಡಿ. ನನಗೇನೂ ಆಗಿಲ್ಲ, ಸುಮ್ಮನಿರಿ. ಬರುವ ಫೋನುಗಳನ್ನು ಅವರೇ ತೆಗೆಯಬೇಕು, ಮೊಮ್ಮಗಳು ಕಥೆ ಹೇಳು ಅಂದರೆ ಅಜ್ಜಿ ಸನ್ನೆ ಮಾಡುತ್ತಾಳೆ. ಕೆಟ್ಟ ದನಿಯನ್ನ ಇನ್ನೊಬ್ಬರ ಕಿವಿಗೆ ಯಾಕೆ ತುರುಕಲಿ ಎಂದು ಒಂದೇ ಒಂದು ಸಲ ಪಿಸುಗುಟ್ಟಿ ಹೇಳಿದ್ದಳಂತೆ. ಮೂವತ್ತೆಂಟು ವರ್ಷ, ಒಂದು ನಿಮಿಷ ಬಾಯಿ ಮುಚ್ಚೇ ಅಂತ ಬೇಡಿಕೊಂಡವನು ನಾನು, ದೇವರು ತಡವಾಗಿ ಕೇಳಿಸಿಕೊಂಡ ನೋಡು, ಎಂದು ಭಾವ ನಗಲು ಹೋದರು. ನಗು ಅರ್ಧಕ್ಕೆ ನಿಂತು, ಅವರು ಚಹಾ ಮಾಡುತ್ತೇನೆಂದು ಅಡಿಗೆಮನೆಗೆ ನಡೆದರು. ಕೆಲಸ ಹೋಯಿತು ಎಂದಷ್ಟೇ ಅವನು ಅಂದುಕೊಂಡಿದ್ದ. ಹೋದದ್ದು ಮನೆಯೊಳಗಿನ ಮಾತೂ ಕೂಡ.

ಅಕ್ಕ ಕಿಟಕಿಯ ಹತ್ತಿರದ ಕುರ್ಚಿಯಲ್ಲಿ ಕೂತಿದ್ದಳು. ಮಡಿಲಲ್ಲಿ ಅರ್ಧ ಹೊಲಿದ ದಿಂಬಿನ ಗೌಸು. ಅವನನ್ನು ಕಂಡು ಮುಖ ಅರಳಿಸಿ, ಕೂರು ಎಂದು ಕೈಯಲ್ಲೇ ತೋರಿಸಿದಳು. ಅವನು ಕೂರಲಿಲ್ಲ. ಜೋಡಿಸಿಕೊಂಡು ಬಂದದ್ದೆಲ್ಲ ಮರೆತುಹೋಗಿ, ನಿಂತಲ್ಲೇ, ಜಾಲರಿ, ಸ್ಕ್ರೂ, ಚುಕ್ಕಿ, ಇವತ್ತಿನ ಮೇಷ್ಟ್ರು, ಎಲ್ಲವನ್ನೂ ಮಗ್ಗಿ ಒಪ್ಪಿಸುವವನ ಹಾಗೆ ಒಂದೇ ಉಸಿರಿಗೆ ಒಪ್ಪಿಸಿದ. ನಾನೇ ಉಲ್ಟಾ ಕೂರಿಸಿದ್ದೆ ಅಕ್ಕ, ಎಂಟು ದಿನವೂ ನೀವು ಓದಿದ್ದು ಮೈಕಿನ ಬೆನ್ನಿಗೆ, ನಿಮ್ಮ ದನಿಗೆ ಏನೂ ಆಗಿಲ್ಲ, ಎಂದ. ಅಕ್ಕ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಅವನನ್ನೇ ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಕನಿಕರವಿತ್ತು. ಸೇಬಿನ ಚೀಲದ ಕಡೆ ಕಣ್ಣು ಹೋಯಿತು.

‘ನನ್ನ ಸಮಾಧಾನಕ್ಕೆ ಇಷ್ಟು ದೂರ ಬಂದ್ಯಾ’ ಎಂದು ಪಿಸುಗುಟ್ಟಿದಳು. ‘ಒಳ್ಳೆಯವನು ನೀನು. ಆದ್ರೆ ಸುಳ್ಳು ಹೇಳೋಕೆ ಬರಲ್ಲ ನಿಂಗೆ.’

ಸುಳ್ಳಲ್ಲ ಎಂದು ಅವನು ಆಣೆ ಮಾಡಿದ. ಬೇಕಾದರೆ ನಾಳೆ ಬಂದು ನೋಡಿ, ಮೈಕು ಹಾಗೆಯೇ ಇದೆ, ಬಿಚ್ಚಿಲ್ಲ ಎಂದ. ಅಕ್ಕ ಬೆರಳೆತ್ತಿ ಅವನನ್ನು ತಡೆದಳು, ಬೂತಿನೊಳಗಿಂದ ತಡೆಯುತ್ತಿದ್ದ ಹಾಗೆಯೇ.

‘ಮೈಕು ತಿರುಗಿತ್ತು ಅಂತಾನೇ ಇಟ್ಕೋ. ದಿನಕ್ಕೆ ಹತ್ತು ಸಲ ಬಾಗಿಲು ತೆಗೆದು ಒಳಗೆ ಬರ್ತಿದ್ದೆ. ನನ್ನ ಹತ್ರ ನಿಂತು ಮಾತಾಡ್ತಿದ್ದೆ, ನಾನೂ ಮಾತಾಡ್ತಿದ್ದೆ. ಮಧ್ಯ ಮೈಕು ಇರಲಿಲ್ಲ, ತಂತಿ ಇರಲಿಲ್ಲ. ಆವಾಗ ನಿನ್ನ ಕಿವಿಗೆ ಏನು ಕೇಳಿಸ್ತು? ದನಿ ಸರಿ ಇದ್ದಿದ್ರೆ ನಿನ್ನಂಥವನಿಗೆ ಆವಾಗ್ಲೇ ಗೊತ್ತಾಗ್ತಿತ್ತು. ಗೊತ್ತಾಗ್ಲಿಲ್ಲ ಅಂದ್ರೆ ಹೋಗಿದೆ ಅಂತ್ಲೇ ಅರ್ಥ.’

ಅವನು ನೆನಪು ಮಾಡಿಕೊಳ್ಳಲು ನೋಡಿದ. ಬಾಗಿಲು ನೆನಪಿದೆ, ಡ್ರಮ್ಮಿನ ನಲ್ಲಿ ನೆನಪಿದೆ, ಅಕ್ಕ ಹಾಕಿಕೊಂಡಿದ್ದ ಕಂದು ಸ್ವೆಟರು ನೆನಪಿದೆ. ಈಗ ಬಂತಾ ಎಂದು ಅವಳು ಗೇಣು ದೂರದಿಂದ ಕೇಳಿದ್ದರ ದನಿ ಹೇಗಿತ್ತು? ಏನೂ ಇಲ್ಲ. ಅಲ್ಲಿ ಖಾಲಿ ಜಾಗ. ಆ ಎಂಟು ದಿನ ಹೆಡ್‌ಫೋನು ಕತ್ತಿಗೆ ಜೋತುಬಿದ್ದಿತ್ತು, ಅದರೊಳಗಿಂದ ಬಂದದ್ದಷ್ಟೇ ಅವನಿಗೆ ದನಿ, ಹೊರಗಿನದು ಬರೀ ಮನುಷ್ಯರು ಆಡುವ ಮಾತು. ಇಪ್ಪತ್ತೆರಡು ವರ್ಷದಲ್ಲಿ ಒಂದು ಸಲವಾದರೂ ಈ ಹೆಂಗಸಿನ ದನಿಯನ್ನು ಬರಿಗಿವಿಯಿಂದ ಕೇಳಿದ್ದೇನೆಯೇ ಎಂದು ಯೋಚಿಸಿದ. ಭಯವಾಯಿತು. ಜಾಲರಿ ಉಲ್ಟಾ ಕೂರಿಸಿದ್ದನ್ನು ಹೇಳುವುದು ಸುಲಭ, ಕೈ ತಪ್ಪಿತು ಎನ್ನಬಹುದು. ಇದನ್ನು ಹೇಳಿದರೆ ತಾನು ಏನಾಗಿ ಉಳಿಯುತ್ತೇನೆ? ಆದರೆ ಇದನ್ನು ಹೇಳದಿದ್ದರೆ ಮೊದಲನೆಯದನ್ನು ಅವಳು ನಂಬುವುದಿಲ್ಲ. ತನ್ನ ಕಿವಿಯ ಮೇಲೆ ಅವಳಿಟ್ಟ ನಂಬಿಕೆಯೇ ಅವಳ ಕತ್ತು ಹಿಸುಕುತ್ತಿದೆ.

‘ನಾನು ಕೇಳಿಸ್ಕೊಳ್ಳಲಿಲ್ಲ ಅಕ್ಕ’ ಎಂದ. ‘ಹತ್ರ ನಿಂತಿದ್ದೆ, ಕೇಳಿಸ್ಕೊಳ್ಳಲಿಲ್ಲ. ಮೆಷಿನ್ನು ಏನು ಹೇಳ್ತೋ ಅದನ್ನೇ ನಿಮಗೆ ಹೇಳಿದೆ.’

ಅಡಿಗೆಮನೆಯಲ್ಲಿ ಭಾವ ಲೋಟಗಳನ್ನು ತಡಕಾಡುತ್ತಿದ್ದರು. ಅಕ್ಕ ಎದ್ದು, ಗೋಡೆಯ ಕಪಾಟಿನಿಂದ ನದಿಗಳ ಚರಿತ್ರೆಯನ್ನು ತೆಗೆದಳು. ಅದು ಸಂಸ್ಥೆಯ ಪ್ರತಿ. ಇನ್ನೊಂದು ಪ್ರತಿ ಕೊಂಡು ಮೇಷ್ಟ್ರಿಗೆ ಕೊಟ್ಟಿದ್ದರು, ಇದನ್ನು ವಾಪಸು ಕೇಳಲು ಯಾರಿಗೂ ಮುಖವಿರಲಿಲ್ಲ. ಇನ್ನೂರ ಹದಿನೈದನೆಯ ಪುಟ ತೆರೆದು, ಕನ್ನಡಕ ಸರಿಮಾಡಿಕೊಂಡು, ಅವನ ಕಡೆ ನೋಡದೆ ಓದತೊಡಗಿದಳು. ಮೊದಲ ಎರಡು ಸಾಲು ಪಿಸುಮಾತು. ಮೂರನೆಯದರಲ್ಲಿ ಗಂಟಲು ಕಟ್ಟಿ ಕೆಮ್ಮಿದಳು. ನಾಲ್ಕನೆಯ ಸಾಲಿನಿಂದ ದನಿ ಬಂತು. ಅವನ ಬಲಗೈ ತಾನಾಗಿಯೇ ಮುಂದೆ ಹೋಗಿ ನಾಬು ಹುಡುಕಿತು, ಸಿಗದೆ ತೊಡೆಯ ಮೇಲೆ ಬಿತ್ತು. ನದಿಯೊಂದು ಎರಡು ಕವಲಾಗಿ ಒಡೆಯುವ ಜಾಗದ ವರ್ಣನೆ. ಅವಳು ‘ಳ’ಕಾರಗಳನ್ನು ನಾಲಗೆಯ ಮೇಲೆ ಒಂದು ಕ್ಷಣ ನಿಲ್ಲಿಸಿ ಬಿಡುತ್ತಾಳೆ, ಇದು ಅವನಿಗೆ ಗೊತ್ತಿರಲಿಲ್ಲ. ಅರ್ಧವಿರಾಮದಲ್ಲಿ ಕೇಳುವವರಿಗಾಗಿ ಕಾಯುತ್ತಾಳೆ. ಆ ಬಿಡುವನ್ನೆಲ್ಲ ಅವನು ಇಷ್ಟು ವರ್ಷ, ಮೌನ ಜಾಸ್ತಿಯಾಯಿತೆಂದು, ಕತ್ತರಿಸಿ ಎಸೆದಿದ್ದ. ಇನ್ನೂ ಒಂದು ಕೇಳಿಸಿತು. ಪ್ರೊಫೆಸರರ ಆ ಉದ್ದುದ್ದ ವಾಕ್ಯಗಳ ಕೊನೆಗೆ, ಕಡೆಯ ಮೂರು ನಾಲ್ಕು ಪದಗಳಲ್ಲಿ, ಉಸಿರು ಸಾಲುತ್ತಿರಲಿಲ್ಲ. ಪದ ಬೀಳುವುದಿಲ್ಲ, ನಡುಗುತ್ತದೆ. ಅದು ನಿಜವಾಗಿಯೂ ಇತ್ತು. ಕಾಯಿಲೆ ತನ್ನ ಪಾಲನ್ನು ತೆಗೆದುಕೊಂಡೇ ಹೋಗಿತ್ತು. ಭಾವ ಚಹಾದ ತಟ್ಟೆ ಹಿಡಿದು ಅಡಿಗೆಮನೆಯ ಬಾಗಿಲಲ್ಲೇ ನಿಂತುಬಿಟ್ಟಿದ್ದರು.

ಪುಟ ಮುಗಿಸಿ ಅಕ್ಕ ಪುಸ್ತಕದೊಳಗೆ ಬೆರಳಿಟ್ಟುಕೊಂಡು ಅವನನ್ನು ನೋಡಿದಳು. ‘ಈಗ ಹೇಳು’ ಎಂದಳು.

ಚೆನ್ನಾಗಿದೆ ಅಕ್ಕ ಎಂಬ ಮಾತು ನಾಲಗೆಯ ತುದಿಯಲ್ಲಿತ್ತು. ತಿಂಗಳು ಪೂರ್ತಿ ಬಾಯಿ ಮುಚ್ಚಿ ಕೂತವಳಿಗೆ ಅಷ್ಟಾದರೂ ಕೊಡುವುದು ಧರ್ಮ. ಬಾಗಿಲಲ್ಲಿ ನಿಂತ ಭಾವನ ಕಣ್ಣು ಕೂಡ ಅದನ್ನೇ ಹೇಳು ಎಂದು ಬೇಡುತ್ತಿತ್ತು.

‘ಉದ್ದ ವಾಕ್ಯದ ಕೊನೇಲಿ ಉಸಿರು ಸಾಲ್ತಾ ಇಲ್ಲ ಅಕ್ಕ. ಕಡೇ ಮೂರು ಪದ ನಡುಗ್ತವೆ. ಮುಂಚೆ ಇರ್ಲಿಲ್ಲ ಅದು. ಮಧ್ಯ ಒಂದು ಕಡೆ ಕದ್ದು ಉಸಿರು ತಗೋಬೇಕು, ಎರಡು ಪುಟಕ್ಕೊಂದು ಸಲ ನಿಲ್ಲಿಸ್ಬೇಕು. ಉಳಿದಿದ್ದು ಎಲ್ಲಾ ಇದೆ.’

ತಟ್ಟೆಯ ಮೇಲೆ ಲೋಟಗಳು ಒಂದಕ್ಕೊಂದು ತಗುಲಿದವು. ಅಕ್ಕ ಪುಸ್ತಕ ಮುಚ್ಚಲಿಲ್ಲ. ತುಟಿಯಲ್ಲೇ ಏನೋ ಲೆಕ್ಕ ಹಾಕಿದಳು. ಹೌದು, ನನಗೂ ಗೊತ್ತಾಗ್ತಿತ್ತು, ಕೊನೆಗೆ ಬಂದಾಗ ಎದೆ ಖಾಲಿ ಅನ್ನಿಸ್ತಿತ್ತು ಎಂದಳು, ಪಿಸುಗುಟ್ಟದೆ, ಮಾಮೂಲಿನಂತೆ. ಆಮೇಲೆ ನಿಧಾನವಾಗಿ, ‘ಇದನ್ನ ಹೇಳಿದ್ಯಲ್ಲ, ಹಾಗಾದ್ರೆ ಮೊದಲು ಹೇಳಿದ್ದೂ ನಿಜಾನೇ’ ಎಂದಳು. ಮುಖದ ಕನಿಕರ ಒಂದೊಂದೇ ಗೆರೆಯಾಗಿ ಹೊರಟುಹೋಯಿತು. ಇಲ್ಲಿಯ ತನಕ ಸಿಟ್ಟು ಮಾಡಿಕೊಳ್ಳಲು ಅವಳಿಗೆ ಏನೂ ಸಿಕ್ಕಿರಲಿಲ್ಲ, ವಯಸ್ಸಿನ ಮೇಲೆ ಯಾರು ಸಿಟ್ಟು ಮಾಡಿಕೊಳ್ಳುತ್ತಾರೆ. ಈಗ ಸಿಕ್ಕವನು ಕಣ್ಣೆದುರಿಗೇ ಸೇಬಿನ ಚೀಲ ಹಿಡಿದು ನಿಂತಿದ್ದ.

ಅವಳು ಶುರು ಮಾಡಿದಳು. ಬಿಸಿನೀರು ಕುಡಿಸಿದ್ದನ್ನು ಎತ್ತಿದಳು, ಹೊಟ್ಟೆಯಿಂದ ತೆಗೀರಿ ಅಂದದ್ದನ್ನು ಎತ್ತಿದಳು, ಗಡಿಯಾರವನ್ನು, ಚಪ್ಪಾಳೆಯನ್ನು, ಮೊಮ್ಮಗಳಿಗೆ ಹೇಳದೆ ಉಳಿದ ಕಥೆಗಳನ್ನು ಒಂದೊಂದಾಗಿ ಎತ್ತಿ ಅವನ ಮುಂದೆ ಇಟ್ಟಳು. ಸೌಮ್ಯ ಹೆಂಗಸು ಎಂದು ಎಲ್ಲರೂ ತಿಳಿದಿದ್ದ ಅಕ್ಕನ ಬಾಯಲ್ಲಿ ಅಂಥ ಮಾತುಗಳಿವೆ ಎಂದು ಅವನಿಗೆ ಗೊತ್ತಿರಲಿಲ್ಲ. ಕೆಳಗಿನ ಮನೆಯ ಕಿಟಕಿ ತೆರೆದ ಸದ್ದಾಯಿತು. ಅವನು ತಲೆ ತಗ್ಗಿಸಲಿಲ್ಲ. ತಗ್ಗಿಸಿದರೆ ಒಂದು ಕಿವಿಗೆ ಕಮ್ಮಿ ಕೇಳಿಸುತ್ತದೆ ಎನ್ನುವವನಂತೆ ನೇರ ನಿಂತು, ಒಂದಕ್ಷರವೂ ಬಿಡದೆ ಕೇಳಿಸಿಕೊಂಡ. ಕೇಳುತ್ತ ಹೋದಂತೆ ಅವನ ಉಸಿರು ಹಗುರವಾಗುತ್ತಿತ್ತು. ನಡುವೆ ಒಮ್ಮೆ, ಆ ನಿಮ್ಮ ಮ್ಯಾನೇಜರಿಗೆ ಹೇಳಿದ್ದೀಯಾ ಎಂದು ಅವಳು ಕೇಳಿದಾಗ ಇಲ್ಲ ಎಂದ. ನಂಗೊಬ್ಬಳಿಗೆ ಹೇಳಿ ಪಾಪ ತೊಳ್ಕೊಂಡು ಹೋಗೋಣ ಅಂತ ಬಂದ್ಯಾ ಎಂದು ಅವಳು ಮತ್ತೆ ಶುರು ಮಾಡಿದಳು. ಅವನು ಚೀಲವನ್ನು ನೆಲದ ಮೇಲಿಟ್ಟು, ಜೇಬಿನಿಂದ ಫೋನು ತೆಗೆದು, ಅಲ್ಲೇ ನಂಬರು ಒತ್ತಿದ. ಅಕ್ಕ ನಿಲ್ಲಿಸಲಿಲ್ಲ. ಆ ಕಡೆಯಿಂದ ಮ್ಯಾನೇಜರು ಹಲೋ ಎಂದರು, ಇನ್ನೊಮ್ಮೆ ಹಲೋ ಎಂದರು.

‘ಯಾರ್ರೀ ಅದು, ಹಿಂದೆ ಅಷ್ಟು ಜೋರಾಗಿ ಮಾತಾಡ್ತಿರೋದು? ನಿಮ್ಮ ಮಾತೇ ಕೇಳಿಸ್ತಿಲ್ಲ.’

‘ಅಕ್ಕ ಸರ್’ ಎಂದ ಅವನು. ‘ಅವರೇ. ನನ್ನನ್ನ ಬೈತಿದ್ದಾರೆ. ಅವರದು ಮುಗೀಲಿ, ಯಾಕೆ ಅಂತ ನಾನು ಹೇಳ್ತೀನಿ, ನೀವು ಫೋನ್ ಇಡಬೇಡಿ.’